ಎಸ್ಪ್ರೆಸೊ ಶಾಟ್ 15 ಸೆಕೆಂಡಿಗೇ ಮುಗಿದರೆ

18 ಗ್ರಾಂ ಪುಡಿಗೆ 36 ಗ್ರಾಂ ಎಸ್ಪ್ರೆಸೊ (ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ; ಒಂದು ಸಲ ಇಳಿಸಿದ್ದೇ ಒಂದು ಶಾಟ್) 15 ಸೆಕೆಂಡಿನಲ್ಲೇ ಬಂದುಬಿಡುತ್ತದೆ, ಕುಡಿದರೆ ಬರೀ ಹುಳಿ, ಮೆಷಿನ್ನಿನ ಪಂಪನ್ನು 28 ಸೆಕೆಂಡಿನವರೆಗೆ ಓಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಕಪ್ಪಿಗೆ 60 ಗ್ರಾಂಗೂ ಹೆಚ್ಚು ಬೀಳುತ್ತದೆ. ಹುಳಿ ಸ್ವಲ್ಪ ತಗ್ಗಬಹುದು, ಆದರೆ ಕಾಫಿ ನೀರುನೀರಾಗಿ ಕೊನೆಗೆ ಒಗರು ಉಳಿಯುತ್ತದೆ.

ಸಮಯ ಹೆಚ್ಚಿಸಬೇಕಾದದ್ದು ಸ್ವಿಚ್ಚಿನಿಂದಲ್ಲ, ಗ್ರೈಂಡರಿನಿಂದ. 18 ಮತ್ತು 36 ಎರಡನ್ನೂ ತೂಗಿ ಹಾಗೇ ಇಟ್ಟುಕೊಂಡು, ಪುಡಿಯನ್ನಷ್ಟೇ ಒಂದು ಹಂತ ನುಣ್ಣಗೆ ಮಾಡುತ್ತಾ ಹೋಗಿ. ಪುಡಿ ನುಣ್ಣಗಾದಷ್ಟೂ ನೀರಿಗೆ ತಡೆ ಹೆಚ್ಚು, ನೀರು ಸೋಕುವ ಜಾಗವೂ ಹೆಚ್ಚು. ಅದೇ 36 ಗ್ರಾಂ ಇಳಿಯಲು 25–30 ಸೆಕೆಂಡು ಹಿಡಿದಾಗ ಹುಳಿಯ ಜೊತೆಗೆ ಸಿಹಿಯೂ ಬರುತ್ತದೆ. ಪ್ರತಿಸಲ ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲ ಮೂರ್ನಾಲ್ಕು ಗ್ರಾಂ ಪುಡಿ ಎಸೆಯಿರಿ, ಗ್ರೈಂಡರಿನೊಳಗೆ ಹಳೆಯ ದಪ್ಪ ಪುಡಿ ಉಳಿದಿರುತ್ತದೆ. ಸೆಕೆಂಡಿನ ಎಣಿಕೆ ಪಂಪ್ ಶುರುವಾದ ಕ್ಷಣದಿಂದ. ಮೊದಲ ಹನಿಯಿಂದ ಎಣಿಸುವವರೂ ಇದ್ದಾರೆ, ಅವರ ಅಂಕಿಯ ಜೊತೆ ಹೋಲಿಸಿದರೆ ಗೊಂದಲವೇ.

ಎಷ್ಟು ನುಣ್ಣಗೆ ಮಾಡಿದರೂ ಶಾಟ್ ಬೇಗನೇ ಮುಗಿಯುತ್ತಿದ್ದರೆ ನೀರು ಪುಡಿಯ ನಡುವೆ ಬಿರುಕು ಹುಡುಕಿಕೊಂಡಿರಬಹುದು. ತಳವಿಲ್ಲದ ಪೋರ್ಟಾಫಿಲ್ಟರ್ (ಪುಡಿಯ ಬಾಸ್ಕೆಟ್ ಹಿಡಿದು ಮೆಷಿನ್ನಿಗೆ ಸಿಕ್ಕಿಸುವ ಹಿಡಿ) ಇದ್ದರೆ ಕಣ್ಣಿಗೇ ಕಾಣುತ್ತದೆ: ಒಂದು ಕಡೆ ಕಂದು ಧಾರೆ ಇಳಿಯುತ್ತಿರುವಾಗಲೇ ಇನ್ನೊಂದು ಕಡೆ ಬಿಳಿಚಿದ ಎಳೆ ಸಿಡಿಯುತ್ತದೆ. ಆಗ ಬಾಸ್ಕೆಟ್ಟಿನಲ್ಲೇ ತೆಳು ಸೂಜಿಯಿಂದ ಗಂಟು ಬಿಡಿಸಿ, ಪುಡಿ ಹರಡಿ, ಓರೆಯಾಗದಂತೆ ಟ್ಯಾಂಪ್ ಮಾಡಿ, ಅಂದರೆ ಒತ್ತಿ ಸಮ ಮಾಡಿ. ಟ್ಯಾಂಪ್ ಇನ್ನೂ ಜೋರಾಗಿ ಒತ್ತುವುದರಿಂದ ಇದು ಸರಿಹೋಗುವುದಿಲ್ಲ.

ಲೈಟ್ ರೋಸ್ಟ್ (ಕಡಿಮೆ ಹುರಿದ) ಬೀಜವಾದರೆ 30 ಸೆಕೆಂಡು ದಾಟಿದರೂ ಹೆದರಬೇಡಿ, 34ಕ್ಕೆ ರುಚಿ ಕೂಡಿಬಂದರೆ ಅಲ್ಲೇ ಬಿಡಿ.