ಹಿಂದಿನಿಂದ ಬರುವ ಆ ‘ಕೊಂಯ್’ ಸದ್ದು

ಪ್ರಶ್ನೆ: ಸರ್, ನಮ್ಮದು 1978ರ ಅಂಬಾಸಿಡರ್, ಮಾರ್ಕ್ 3. ಅಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಹತ್ತಿರ ಇದೆ. ಎರಡು ತಿಂಗಳ ಹಿಂದೆ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಗುಂಡು) ಮುಂದಿನ ಆಯಿಲ್ ಸೀಲ್ ಸೋರುತ್ತಿದೆ ಅಂತ ಹೊಸದು ಹಾಕಿಸಿದೆ. ಆಮೇಲೆ ಒಂದು ಸದ್ದು ಶುರುವಾಗಿದೆ. ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಇಳಿಯುವಾಗ, ಆನೆಕಾಡಿನ ಹತ್ತಿರ, 45-50ರ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಿಂದಿನಿಂದ ‘ಕೊಂಯ್’ ಅನ್ನುತ್ತದೆ. ಮತ್ತೆ ಕಾಲಿಟ್ಟರೆ ನಿಲ್ಲುತ್ತದೆ. ಅದರೊಳಗಿನ ಕ್ರೌನ್-ಪಿನಿಯನ್ (ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಹೋಗಿದೆ, ಗುಜರಿಯಿಂದ ಒಂದು ಹಳೇ ಸೆಟ್ ತಂದು ಹಾಕೋಣ ಅನ್ನುತ್ತಿದ್ದಾರೆ ಮೆಕ್ಯಾನಿಕ್. ಹಾಕಿಸಲಾ?
(ಓದುಗರು, ಸುಂಟಿಕೊಪ್ಪ)

ಉತ್ತರ: ಈಗಲೇ ಬೇಡ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಸದ್ದು ಶುರುವಾಗಿದ್ದು ಸೀಲ್ ಬದಲಾಯಿಸಿದ ಮೇಲೆ, ಬರುವುದು ಕಾಲು ತೆಗೆದಾಗ ಮಾತ್ರ. ಮೆಕ್ಯಾನಿಕ್‌ಗೂ ಮೊದಲು ಇದನ್ನೇ ಹೇಳಿ.

ಆ ಸೀಲ್ ಕೂತಿರುವುದು ಪಿನಿಯನ್ ಶಾಫ್ಟಿನ ಮೂತಿಯಲ್ಲಿ. ಅದನ್ನು ತೆಗೆಯಬೇಕಾದರೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಅದನ್ನು ಜೋಡಿಸುವ ಫ್ಲ್ಯಾಂಜ್ ಹಿಡಿದಿರುವ ದೊಡ್ಡ ನಟ್ ಬಿಚ್ಚಲೇಬೇಕು. ಆ ನಟ್ ಇರುವುದು ಸುಮ್ನೆ ಫ್ಲ್ಯಾಂಜ್ ಬೀಳದ ಹಾಗೆ ನೋಡಿಕೊಳ್ಳುವುದಕ್ಕಲ್ಲ. ಪಿನಿಯನ್‌ನ ಎರಡು ಬೇರಿಂಗ್‌ಗಳ ಮೇಲೆ ಎಷ್ಟು ಬಿಗಿ ಇರಬೇಕು ಅನ್ನುವುದು ಆ ನಟ್, ಒಳಗಿನ ಸ್ಪೇಸರ್, ಶಿಮ್ ಅನ್ನುವ ತೆಳು ಬಿಲ್ಲೆ ಇಷ್ಟರ ಮೇಲೆ ನಿಂತಿದೆ. ಹಳೇ ಗುರುತಿಗೆ ಬರದೆ ಸ್ವಲ್ಪ ಸಡಿಲ ಉಳಿದರೆ ಪಿನಿಯನ್ ಹಿಂದೆ ಮುಂದೆ ಆಡುತ್ತದೆ. ಎಂಜಿನ್ ಎಳೆಯುವಾಗ ಅದು ಒಂದು ಕಡೆಗೆ ಒತ್ತಿಕೊಂಡು ನಿಂತಿರುತ್ತದೆ, ಸದ್ದಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಿರೋ, ಈಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕು. ಹಲ್ಲಿನ ಇನ್ನೊಂದು ಮುಖಕ್ಕೆ ಭಾರ ಬೀಳುತ್ತದೆ, ಪಿನಿಯನ್ ಆ ಕಡೆಗೆ ಸರಿಯುತ್ತದೆ, ಹಲ್ಲು ಹಲ್ಲಿಗೆ ಕೂರುವ ಜಾಗ ತಪ್ಪುತ್ತದೆ. ಆ ಕೊಂಯ್ ಹುಟ್ಟುವುದು ಅಲ್ಲೇ ಅಂತ ನನಗೆ ಬಲವಾದ ಅನುಮಾನ. ನಟ್ ಜಾಸ್ತಿ ಬಿಗಿದಿದ್ದರೆ ಕತೆ ಬೇರೆ ಇರುತ್ತಿತ್ತು. ಆಗ ಬೇರಿಂಗ್ ಬಿಸಿಯಾಗಿ, ಕಾಲಿಟ್ಟರೂ ತೆಗೆದರೂ ಸದ್ದು ಬರುತ್ತಿತ್ತು.

ಆದರೂ ಸ್ಪ್ಯಾನರ್ ಹಿಡಿಯುವ ಮೊದಲು ಆಯಿಲ್ ನೋಡಿ. ಸೀಲ್ ಸೋರಿತ್ತು ಅಂದರೆ ಆಯಿಲ್ ಹೋಗಿತ್ತು ಅಂತಲೇ ಅರ್ಥ, ಅದನ್ನು ಮತ್ತೆ ತುಂಬಿದರಾ ಅಂತ ಯಾರಾದರೂ ನೋಡಿದ್ದಾರಾ? ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಮ್ಮ ಕಡೆ ಅಂಗಳವೂ ಇಳಿಜಾರು ಇರುತ್ತದೆ, ಅದಕ್ಕೇ ಹೇಳಿದೆ. ಹೌಸಿಂಗ್, ಅಂದರೆ ಡಿಫರೆನ್ಶಿಯಲ್‌ನ ಹೊರಗಿನ ಕವಚ, ತಣ್ಣಗಾಗಲಿ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಕೆಳಗಿನ ಡ್ರೇನ್ ಪ್ಲಗ್ ಮುಟ್ಟಬೇಡಿ. ಮೇಲಿನದು ತುಕ್ಕು ಹಿಡಿದು ಬರದೇ ಇದ್ದು, ಕೆಳಗಿನಿಂದ ಆಯಿಲ್ ಖಾಲಿ ಮಾಡಿಕೊಂಡು ಗಾಡಿ ಅಲ್ಲೇ ನಿಂತಿದ್ದನ್ನು ನೋಡಿದ್ದೇನೆ. ಪ್ಲಗ್ ಬಂದ ಮೇಲೆ ಕಿರುಬೆರಳು ಒಳಗೆ ಹಾಕಿ ಕೆಳಕ್ಕೆ ಬಗ್ಗಿಸಿ. ತೂತಿನ ಅಂಚಿಗೇ ಆಯಿಲ್ ತಾಗಬೇಕು. ತಾಗಲಿಲ್ಲ ಅಂದರೆ ಕಡಿಮೆ ಇದೆ.

ಬೆರಳಿಗೆ ಹತ್ತಿದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ. ಒಳ್ಳೇ ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ. ಬಣ್ಣ ಹಾಲು ಹಾಕಿದ ಕಾಫಿ ಥರ ಇದ್ದರೆ ನೀರು ಸೇರಿದೆ. ನಮ್ಮ ಮಳೆಗಾಲದಲ್ಲಿ ಇದು ಅಪರೂಪವೇನಲ್ಲ. ಘಟ್ಟ ಹತ್ತಿ ಕಾದ ಹೌಸಿಂಗ್ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಅನ್ನುವ ಗಾಳಿ ತೂತು ಅಥವಾ ಹಳೇ ಸೀಲ್ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿರುವ ಆ ಪುಟ್ಟ ಬ್ರೀದರ್ ಕೆಸರು ಕಟ್ಟಿಕೊಂಡಿದ್ದರೆ ಮತ್ತೊಂದು ತೊಂದರೆ: ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ನಿಮ್ಮ ಹಳೇ ಸೀಲ್ ಹೋಗಿದ್ದಕ್ಕೂ ಅದೇ ಕಾರಣ ಇದ್ದಿರಬಹುದು, ಒಂದು ತಂತಿ ಹಾಕಿ ಸ್ವಚ್ಛ ಮಾಡಿ.

ಹಳೇ ಆಯಿಲನ್ನು ಪೂರ್ತಿ ಇಳಿಸಿದರೆ ಬಿಳಿ ತಟ್ಟೆಗೆ ಹಿಡಿಯಿರಿ. ಹಳೇ ಸ್ಪೀಕರಿನ ಅಯಸ್ಕಾಂತ ಅದರಲ್ಲಿ ಆಡಿಸಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಹತ್ತಿದರೆ ಭಯ ಬೇಡ, ಇಷ್ಟು ವರ್ಷ ಓಡಿದ ಗಾಡಿ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಬಂದರೆ ಮಾತ್ರ ಗಾಡಿ ನಿಲ್ಲಿಸಿ, ಹೌಸಿಂಗ್ ಬಿಚ್ಚಲೇಬೇಕು. ತುಂಬಿಸುವಾಗ ಹೈಪಾಯ್ಡ್ ಗೇರಿಗೆ ಅಂತಲೇ ಇರುವ ಇಪಿ 90 ಆಯಿಲ್ ಹಾಕಿ. ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ನೇರವಾಗಿ ಇರುವುದಿಲ್ಲ, ಸ್ವಲ್ಪ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ ಕೂಡ. ಸಾಮಾನ್ಯ ಆಯಿಲ್ ಆ ಒತ್ತಡಕ್ಕೆ ನಿಲ್ಲದೆ ಪಕ್ಕಕ್ಕೆ ಹೋಗಿಬಿಡುತ್ತದೆ.

ಆಯಿಲ್ ಸರಿಯಾದ ಮೇಲೂ ಸದ್ದು ಇದ್ದರೆ ಒಂದು ಅರ್ಧ ಗಂಟೆ ಗಾಡಿಯ ಜೊತೆ ಕಳೆಯಿರಿ. ಆನೆಕಾಡಿನ ಇಳಿಜಾರು ಇದಕ್ಕೆ ಸರಿಹೋಗುವುದಿಲ್ಲ. ಬೆಳಗ್ಗೆ ಬೇಗ ಕುಶಾಲನಗರ ದಾಟಿ, ಕಾವೇರಿ ಸೇತುವೆ ಆಚೆ ಬೈಲಕುಪ್ಪೆ ಕಡೆಗೆ ಹೋಗಿ, ರಸ್ತೆ ಸುಮಾರು ಸಮ ಇದೆ. ಗಾಜು ಇಳಿಸಿ, ರೇಡಿಯೋ ಆಫ್ ಮಾಡಿ, ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. 50ರಲ್ಲಿ ಟಾಪ್ ಗೇರಿನಲ್ಲಿ ಎಳೆಸಿ ಕೇಳಿ, ಕಾಲು ತೆಗೆದು ಕೇಳಿ, ಎಳೆತವೂ ಇಲ್ಲ ತಡೆಯೂ ಇಲ್ಲ ಅನ್ನುವ ಹಾಗೆ ಹಗುರವಾಗಿ ಕಾಲಿಟ್ಟು ಕೇಳಿ. ಆಮೇಲೆ ಅದೇ 50ರಲ್ಲಿ ಮೂರನೇ ಗೇರ್. ಸದ್ದು ಗೇರ್ ಬದಲಾದರೂ ಅದೇ ವೇಗದಲ್ಲೇ ಬಂದರೆ ಅದು ಹಿಂದಿನದು. ಮೂರರಲ್ಲಿ ಬಂದು ಟಾಪಿನಲ್ಲಿ ಮಾಯವಾದರೆ ಗೇರ್‌ಬಾಕ್ಸ್ ಕಡೆ ನೋಡಿ, ಯಾಕೆಂದರೆ ಟಾಪ್ ಗೇರಿನಲ್ಲಿ ತಿರುಗುವ ಶಕ್ತಿ ನೇರವಾಗಿ ಹಾದುಹೋಗುತ್ತದೆ, ಒಳಗಿನ ಹಲ್ಲುಗಳ ಮೇಲೆ ಭಾರ ಇರುವುದಿಲ್ಲ. ಕಾಲಿಟ್ಟರೂ ತೆಗೆದರೂ ಬದಲಾಗದೆ, ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಮಾತ್ರ ಬದಲಾಗುವ ಸದ್ದು ಟೈರಿನದು. ನ್ಯೂಟ್ರಲ್ ಮಾಡಿ ಕೇಳುವುದಿದ್ದರೆ ಈ ಸಮ ರಸ್ತೆಯಲ್ಲೇ ಕೇಳಿ, ಎಂಜಿನ್ ಆಫ್ ಮಾಡಬೇಡಿ. ಇಳಿಜಾರಿನಲ್ಲಂತೂ ಖಂಡಿತ ಬೇಡ.

ಚಕ್ರದ ಬೇರಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದರಲ್ಲಿ ನಾನು ಕಳೆದುಕೊಂಡಿದ್ದೇನೆ. ನನ್ನ ಅಂಬಾಸಿಡರ್ ಹಿಂದೆ ಗೊರಗೊರ ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕ್ರೌನ್-ಪಿನಿಯನ್ ಅಂದರು, ಬದಲಾಯಿಸಿದರು, ಸದ್ದು ಹಾಗೇ ಇತ್ತು. ಕೊನೆಗೆ ಬಲಗಡೆ ಚಕ್ರದ ಬೇರಿಂಗ್ ತೆಗೆದು ಅಂಗೈಯಲ್ಲಿಟ್ಟು ತಿರುಗಿಸಿದಾಗ ಒಳಗೆ ಮರಳು ಹಾಕಿದ ಹಾಗೆ ಕರಕರ ಅಂದಿತು. ಗುಂಡುಗಳು ಓಡುವ ರೇಸ್ ಮೇಲೆ ಉಗುರಾಡಿಸಿದರೆ ಎರಡು ಕಡೆ ಗುಳಿ ತಾಗುತ್ತಿತ್ತು. ಅಷ್ಟರಲ್ಲಿ ನನ್ನ ಗಾಡಿಯ ಒಳ್ಳೇ ಕ್ರೌನ್-ಪಿನಿಯನ್ ಗುಜರಿ ಸೇರಿಯಾಗಿತ್ತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಗುರುತು ಹೀಗೆ: ಎಡ ತಿರುವಿನಲ್ಲಿ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಹೆಚ್ಚಾದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ. ಬಲ ತಿರುವಿನಲ್ಲಿ ಹೆಚ್ಚಾದರೆ ಎಡಗಡೆಯದು. ನೇರ ರಸ್ತೆಯಲ್ಲಿ ಸುಮ್ಮನಿದ್ದು, ಎರಡೂ ಕಡೆಯ ಬಿಗಿ ತಿರುವಿನಲ್ಲಿ ಎಳೆಯುವಾಗ ಮಾತ್ರ ಕಟಕಟ ಅಂದರೆ ಸ್ಟಾರ್ ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ಪುಟ್ಟ ಗೇರ್‌ಗಳು), ಅದರ ವಾಷರ್.

ಇನ್ನು ನಿಮ್ಮ ನಟ್. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಪಿನಿಯನ್ ಫ್ಲ್ಯಾಂಜ್ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ತಿರುಗಿಸುವ ದಿಕ್ಕಿನಲ್ಲಿ ಸ್ವಲ್ಪ ಆಟ ಇದ್ದೇ ಇರುತ್ತದೆ, ಅದು ಬೇಕು. ಹಿಂದೆ ಮುಂದೆ ಒಂದು ಕೂದಲಿನಷ್ಟೂ ಆಡಬಾರದು. ಆಡಿದರೆ ನಿಮ್ಮ ಸದ್ದಿನ ಮೂಲ ಸಿಕ್ಕಿತು. ಹಾಗಂತ ಪೈಪ್ ಹಾಕಿ ನಟ್ ಬಿಗಿದುಬಿಡಬೇಡಿ. ಆ ಮಾಡೆಲ್‌ನ ವರ್ಕ್‌ಶಾಪ್ ಪುಸ್ತಕದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯುವವರ ಹತ್ತಿರ ಮಾಡಿಸಿ. ಬೇರಿಂಗಿಗೆ ಪೆಟ್ಟು ಬಿದ್ದಿದ್ದರೆ ಬೇರಿಂಗ್ ಮಾತ್ರ ಬದಲಾಯಿಸಿ.

ಗುಜರಿ ಸೆಟ್ ಯಾಕೆ ಬೇಡ ಅಂದೆ? ಕ್ರೌನ್ ಮತ್ತು ಪಿನಿಯನ್ನನ್ನು ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತದೆ, ನೋಡಿ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಸದ್ದು ತಪ್ಪಿದ್ದಲ್ಲ. ಜೋಡಿಯೇ ಸಿಕ್ಕಿದರೂ ಅದು ಬೇರೆ ಹೌಸಿಂಗಿನಲ್ಲಿ ಸವೆದು ಬಂದ ಜೋಡಿ. ನಿಮ್ಮ ಗಾಡಿಯಲ್ಲಿ ಪಿನಿಯನ್ ಆಳಕ್ಕೆ ಹೊಸದಾಗಿ ಶಿಮ್ ಹಾಕಬೇಕು, ಡಯಲ್ ಗೇಜ್ ಇಟ್ಟು ಹಲ್ಲಿನ ಆಟ ನೋಡಬೇಕು, ಬಣ್ಣ ಹಚ್ಚಿ ತಿರುಗಿಸಿ ಹಲ್ಲಿನ ಗುರುತು ನಡುವೆ ಬಿದ್ದಿದೆಯಾ ಅಂತ ಪರೀಕ್ಷಿಸಬೇಕು. ಡಯಲ್ ಗೇಜ್ ಇಲ್ಲದ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ. ನಿಮ್ಮ ಹಲ್ಲುಗಳು ಮುರಿಯದೆ, ಗುಳಿ ಬೀಳದೆ ಇದ್ದರೆ ಅಪ್ಪನ ಗಾಡಿಯ ಜೋಡಿಯನ್ನೇ ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಪ್ರೀಮಿಯರ್ ಪದ್ಮಿನಿ ಓಡುವಾಗ ಸದ್ದಿಲ್ಲ. ರಿವರ್ಸ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ‘ಟಕ್’ ಅನ್ನುತ್ತದೆ. ಇದೂ ಡಿಫರೆನ್ಶಿಯಲ್ಲಾ?
(ಓದುಗರು, ವಿರಾಜಪೇಟೆ)

ಉತ್ತರ: ಆಗಿರಬಹುದು, ಆದರೆ ಕೊನೆಗೆ ನೋಡುವ ಜಾಗ ಅದು. ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ, ಅಂದರೆ ಅದರ ತುದಿಯ ಕೀಲು. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಫ್ಲ್ಯಾಂಜ್ ಹಿಡಿದು ಎದುರುಬದುರು ತಿರುಚಿ. ನಡುವೆ ಆಟ ಕಂಡರೆ ಅಥವಾ ಕ್ರಾಸ್ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಅದೇ ಕಳ್ಳ. ಪದ್ಮಿನಿಯಲ್ಲಿ ಶಾಫ್ಟಿನ ನಡುವೆ ಒಂದು ಸೆಂಟರ್ ಬೇರಿಂಗ್ ಇದೆ, ಅದರ ರಬ್ಬರ್ ಹರಿದಿದ್ದರೂ ಹೀಗೇ ಆಗುತ್ತದೆ. ಇವೆಲ್ಲ ಗಟ್ಟಿ ಇದ್ದ ಮೇಲೆ ಆಕ್ಸಲ್ ಶಾಫ್ಟಿನ ತುದಿಯ ಹಲ್ಲು (ಸ್ಪ್ಲೈನ್), ಸ್ಟಾರ್ ಪಿನಿಯನ್ ವಾಷರ್ ಕಡೆ ಹೋಗಿ.

ಪ್ರಶ್ನೆ: ಹಳೇ ಜೀಪ್ ಒಂದು ಮಾರಾಟಕ್ಕಿದೆ. ಡಿಫರೆನ್ಶಿಯಲ್ ಪೂರ್ತಿ ನಿಶ್ಶಬ್ದ. ಧೈರ್ಯವಾಗಿ ತಗೊಳ್ಳಬಹುದಾ?
(ಓದುಗರು, ಸೋಮವಾರಪೇಟೆ)

ಉತ್ತರ: ಒಂದೆರಡು ಚಮಚ ಆಯಿಲ್ ಇಳಿಸಿ ನೋಡಿ ಆಮೇಲೆ ದುಡ್ಡು ಕೊಡಿ. ಸದ್ದು ಮುಚ್ಚುವುದಕ್ಕೆ ಮರದ ಪುಡಿ ಹಾಕಿ ಮಾರುವ ಹಳೇ ಚಾಳಿ ಇದೆ, ಕೆಲವರು ಗ್ರೀಸ್ ಬೆರೆಸಿ ಗಟ್ಟಿ ಮಾಡುತ್ತಾರೆ. ಒಂದಷ್ಟು ದೂರ ಸುಮ್ಮನಿರುತ್ತದೆ, ಅಷ್ಟರಲ್ಲಿ ಬೇರಿಂಗ್ ಹಾಳಾಗಿರುತ್ತದೆ. ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ನಾರು ನಾರಾಗಿ, ತರಿ ತರಿಯಾಗಿ ಸಿಕ್ಕಿದರೆ ಆ ಜೀಪ್ ಬಿಟ್ಟುಬಿಡಿ. ಜೀಪಿಗೆ ಮುಂದೆಯೂ ಒಂದು ಡಿಫರೆನ್ಶಿಯಲ್ ಇದ್ದರೆ ಅದರ ಪ್ಲಗ್ ಕೂಡ ಬಿಚ್ಚಿಸಿ ನೋಡಿ.