ಇಂಜಿನ್ ದೊಡ್ಡದಾದರೆ ಪುಟ್ಟ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಕೈಕೊಡುತ್ತಾ?

ಬ್ರಿಟನ್ನಿನ ಎಂಜಿ ಕಂಪನಿಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ತರಹದ ಹಗುರವಾದ ಹಳೇ ಕಾರಿಗೆ ದೊಡ್ಡ ಇಂಜಿನ್ ಕೂರಿಸಿದರೆ ಹ್ಯಾಂಡ್ಲಿಂಗ್, ಅಂದರೆ ಸ್ಟೇರಿಂಗ್ ತಿರುಗಿಸಿದ ಹಾಗೆ ಕಾರು ಮಾತು ಕೇಳೋದು, ಹಾಳಾಗುತ್ತಾ ಅಂತ ಕೇಳಿದ್ದೀರಿ. ಸಿಸಿ ಬಿಡಿ. ಇಂಜಿನ್ ಎಷ್ಟು ತೂಕ, ಎಲ್ಲಿ ಕೂತಿದೆ, ಅದನ್ನು ನೋಡಿ.

ನನಗೆ ಇದು ಗೊತ್ತಾದದ್ದು ಸೋದರಮಾವನ ಸ್ಟ್ಯಾಂಡರ್ಡ್ ಹೆರಾಲ್ಡ್‌ನಿಂದ. ಬಸವನಗುಡಿಯ ಸಣ್ಣ ಕ್ರಾಸಿನಲ್ಲೂ ಆರಾಮಾಗಿ ಯೂ ಟರ್ನ್ ಹೊಡೆಯುತ್ತಿದ್ದ ಗಾಡಿ ಅದು. ಪೆಟ್ರೋಲ್ ಖರ್ಚು ಉಳಿಯುತ್ತೆ ಅಂತ ಯಾರದೋ ಮಾತು ಕೇಳಿ ಡೀಸೆಲ್ ಇಂಜಿನ್ ಹಾಕಿಸಿದರು. ಮೂತಿ ಕೆಳಗಿಳಿಯಿತು, ಸ್ಟೇರಿಂಗ್ ಕಲ್ಲಿನಂತಾಯಿತು. ನಂದಿಬೆಟ್ಟದ ತಿರುವುಗಳಲ್ಲಿ ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿ ತಡೆಗೋಡೆ ಕಡೆಗೇ ಹೋಗಲು ನೋಡುತ್ತಿತ್ತು. ಇದೇ ಅಂಡರ್‌ಸ್ಟೀರ್. ಅಕ್ಕಿ ಮೂಟೆಯನ್ನು ಸ್ಕೂಟರಿನ ಕಾಲಿಡೋ ಜಾಗದಲ್ಲಿ ಇಟ್ಟು ಓಡಿಸೋದಕ್ಕೂ ಹ್ಯಾಂಡಲ್‌ಗೆ ನೇತುಹಾಕಿ ಓಡಿಸೋದಕ್ಕೂ ವ್ಯತ್ಯಾಸ ಇದೆ ಅಲ್ವಾ, ಅಷ್ಟೇ ವಿಷಯ.

ಭಾರದ ದೊಡ್ಡ ಇಂಜಿನ್, ಹಗುರವಾದ ದೊಡ್ಡ ಇಂಜಿನ್, ಎರಡನ್ನೂ ಎಂಜಿ ಕಂಪನಿಯವರೇ ಹಾಕಿ ತೋರಿಸಿದ್ದಾರೆ. ಎಂಜಿಬಿಯದು 1798 ಸಿಸಿ, ನಾಲ್ಕು ಸಿಲಿಂಡರ್, ಕಬ್ಬಿಣದ ಇಂಜಿನ್. 1967ರಲ್ಲಿ ಅದೇ ಕಾರಿನ ಬಾಡಿಯೊಳಗೆ 2912 ಸಿಸಿಯ ಆರು ಸಿಲಿಂಡರ್ ಇಂಜಿನ್ ತುರುಕಿ ಎಂಜಿಸಿ ಅಂತ ಹೆಸರಿಟ್ಟರು. ಉದ್ದದ ಇಂಜಿನ್, ಅದೂ ಕಬ್ಬಿಣದ್ದೇ, ಮುಂದೆ ಸುಮಾರು 95 ಕೆಜಿ ಜಾಸ್ತಿ. ಮೂತಿ ಭಾರ ಅಂತ ಆಗಿನ ಪತ್ರಕರ್ತರೆಲ್ಲ ಬೈದರು, 1969ಕ್ಕೇ ಕಥೆ ಮುಗಿಯಿತು. ಆಮೇಲೆ 1973ರಲ್ಲಿ ಎಂಜಿಬಿಗೇ ರೋವರ್ ಕಂಪನಿಯ 3528 ಸಿಸಿಯ ವಿ8, ಅಂದರೆ ಎಂಟು ಸಿಲಿಂಡರ್ ಇಂಜಿನ್, ಹಾಕಿದರು. ಸಿಸಿ ಇನ್ನೂ ಜಾಸ್ತಿ, ಆದರೆ ಅಲ್ಯೂಮಿನಿಯಂ, ಉದ್ದವೂ ಕಡಿಮೆ. ತೂಕ ಹೆಚ್ಚುಕಡಿಮೆ ಹಳೇ ನಾಲ್ಕು ಸಿಲಿಂಡರ್‌ದಷ್ಟೇ, ಹಾಗಾಗಿ ಕಾರಿನ ಬ್ಯಾಲೆನ್ಸ್ ಕೆಡಲಿಲ್ಲ.

ಹಗುರವಾದ ಇಂಜಿನ್ ಸಿಕ್ಕಿತು ಅಂತ ಕುಣಿಯಬೇಡಿ. ಹಿಂದಿನ ಚಕ್ರಕ್ಕೆ ಶಕ್ತಿ ಜಾಸ್ತಿಯಾದರೆ ಸಪೂರ ಟೈರು ಒದ್ದೆ ರಸ್ತೆಯಲ್ಲಿ ಬೇಗ ಹಿಡಿತ ಬಿಡುತ್ತೆ. ಟ್ರಯಂಫ್ ಸ್ಪಿಟ್‌ಫೈರ್‌ನ ಮೊದಲ ಮಾಡೆಲ್‌ಗಳಲ್ಲಂತೂ ಇನ್ನೂ ಹುಷಾರಾಗಿರಬೇಕು. ಅದು ಹೆರಾಲ್ಡ್‌ನ ತಮ್ಮನಂಥ ಪುಟ್ಟ ಸ್ಪೋರ್ಟ್ಸ್ ಕಾರು, ಹಿಂದಿರೋದು ಸ್ವಿಂಗ್ ಆಕ್ಸಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ಓರೆಯಾಗೋ ಜೋಡಣೆ. ತಿರುವಿನ ಮಧ್ಯೆ ಭಯಪಟ್ಟು ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಕಾರು ಗಿರಕಿ ಹೊಡೆಯಬಹುದು.

ನನ್ನ ಕೇಳಿದರೆ ಈಗಿರೋ ಇಂಜಿನ್ನೇ ಸಾಕು. ಈ ಊರಿನ ಟ್ರಾಫಿಕ್ಕಿನಲ್ಲಿ ವಿ8 ಇಟ್ಟುಕೊಂಡು ಏನು ಮಾಡ್ತೀರಿ? ಆ ದುಡ್ಡಲ್ಲಿ ಮೊದಲು ಸಸ್ಪೆನ್ಷನ್ನಿನ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಬ್ರೇಕ್ ಸರಿಮಾಡಿಸಿ. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷ ಬರೆದಿರುತ್ತೆ, ಅದನ್ನೂ ನೋಡಿ. ನಿಂತಲ್ಲೇ ನಿಂತ ಕಾರಿನ ಟೈರಿನ ಮೇಲಿನ ಗ್ರಿಪ್ ಗೆರೆಗಳು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿಬಿಟ್ಟಿರುತ್ತೆ.