ಪಾಸ್‌ವರ್ಡ್ ಸರಿ ಇದೆ, ಡೆಸ್ಕ್‌ಟಾಪ್ ಮಾತ್ರ ಬರ್ತಿಲ್ಲ

ಪ್ರಶ್ನೆ: ಶಿರಸಿಯಲ್ಲಿ ಚಿಕ್ಕದೊಂದು ಟೈಪಿಂಗ್ ಅಂಗಡಿ ನಡೆಸುತ್ತೇನೆ. ಬಾಡಿಗೆ ಕರಾರು, ಅಫಿಡವಿಟ್ ಇಂಥದ್ದೇ ಕೆಲಸ. ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಪಕ್ಕ 30 ಜಿಬಿ ಜಾಗ ಮಾಡಿ ಮಗ ಲಿನಕ್ಸ್ ಮಿಂಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದಾನೆ. ಟೈಮ್‌ಶಿಫ್ಟ್‌ನಲ್ಲಿ ದಿನಾ ಬ್ಯಾಕಪ್ ಆಗುವ ಹಾಗೂ ಮಾಡಿದ್ದಾನೆ. ಈಗ ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದರೆ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಪಾಸ್‌ವರ್ಡ್ ಕೇಳುವಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೂ ಮೊದಲು ಡಿಸ್ಕ್‌ನಲ್ಲಿ ಜಾಗ ಕಡಿಮೆ ಇದೆ ಅಂತ ಮೂಲೆಯಲ್ಲಿ ಬರುತ್ತಿತ್ತು. ಸುಮ್ನೆ ಮುಚ್ಚುತ್ತಿದ್ದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಗಿರಾಕಿಗಳ ಫೈಲೆಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯಿಂದ ವಾಪಸ್ ತನ್ನಿ. ನಿಮ್ಮ ಕಾಗದದಲ್ಲೇ ಉತ್ತರ ಇದೆ.

ಪಾಸ್‌ವರ್ಡ್ ತಪ್ಪಾದರೆ ತಪ್ಪು ಅಂತ ಮಿಂಟ್ ಬಾಯಿಬಿಟ್ಟು ಹೇಳುತ್ತದೆ. ನಿಮಗೆ ಹಾಗಾಗಿಲ್ಲ. ಅಂದರೆ ಯಂತ್ರ ಎದ್ದಿದೆ, ಪಾಸ್‌ವರ್ಡ್ ಒಪ್ಪಿದೆ. ಡೆಸ್ಕ್‌ಟಾಪ್ ಮಾತ್ರ ಶುರುವಾಗುವಷ್ಟರಲ್ಲೇ ಬಿದ್ದುಹೋಗುತ್ತಿದೆ. ಲಾಗಿನ್ ಆಗುವಾಗ ನಿಮ್ಮ ಫೈಲ್‌ಗಳೆಲ್ಲ ಇರುವ ಹೋಮ್ ಫೋಲ್ಡರ್‌ನಲ್ಲಿ ಒಂದೆರಡು ಪುಟ್ಟ ಫೈಲ್ ಬರೆಯಬೇಕಾಗುತ್ತದೆ. ಅದಕ್ಕೂ ಜಾಗ ಇಲ್ಲದಿದ್ದರೆ ಹೀಗೇ ಆಗುವುದು.

ಕಂಟ್ರೋಲ್, ಆಲ್ಟ್, ಎಫ್2 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕು. ಕಪ್ಪು ಪರದೆಯಲ್ಲಿ ಹೆಸರು ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಪೂರ್ತಿ ಹೊಡೆದು ಎಂಟರ್ ಒತ್ತಿ. ಒಳಗೆ ಹೋದ ಮೇಲೆ ಎಲ್‌ಎಸ್ (ls) ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಟ್ಟರೆ ನಿಮ್ಮ ಫೋಲ್ಡರ್‌ಗಳು ಕಾಣುತ್ತವೆ. ಕನ್ನಡದಲ್ಲಿ ಹೆಸರಿಟ್ಟವು ಬರೀ ಚೌಕವೋ ವಜ್ರದಾಕಾರದ ಗುರುತೋ ಆಗಿ ಕಾಣಬಹುದು. ಈ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ, ಅಷ್ಟೇ. ಫೈಲ್‌ಗಳಿಗೆ ಏನೂ ಆಗಿರುವುದಿಲ್ಲ.

ಈಗ ಡಿಎಫ್, ಒಂದು ಸ್ಪೇಸ್, ಹೈಫನ್, ಎಚ್ ಅಂತ ಹೊಡೆಯಿರಿ. ಡಿಸ್ಕ್‌ನ ಜಾಗದ ಲೆಕ್ಕ ಬರುತ್ತದೆ. ಅದರಲ್ಲಿ ಬಲತುದಿಯಲ್ಲಿ ಬರೀ ಓರೆಗೆರೆ (/) ಇರುವ ಸಾಲನ್ನು ಹುಡುಕಿ. ಗಾತ್ರ 29 ಜಿ, ಬಳಸಿದ್ದು 28 ಜಿ, ಉಳಿದಿದ್ದು 0, ಶೇ. 100 ಅಂತ ಇರಬಹುದು. ಇನ್ನೂ 1 ಜಿಬಿ ಇದೆಯಲ್ವಾ ಅಂತ ನೀವು ಕೇಳಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಶೇ. 5 ಜಾಗವನ್ನು ರೂಟ್‌ಗೆ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆಗೆ, ಅಂತ ಎತ್ತಿಟ್ಟಿರುತ್ತಾರೆ. ಅದು ನಿಮಗೆ ಸಿಗುವುದಿಲ್ಲ. ಡಿಸ್ಕ್ ತುಂಬಿದರೂ ವ್ಯವಸ್ಥೆಯ ಕೆಲಸ ನಿಲ್ಲದಿರಲಿ ಅಂತ ಹಾಗೆ ಎತ್ತಿಡುವುದು.

ಜಾಗ ತಿಂದಿದ್ದು ಟೈಮ್‌ಶಿಫ್ಟ್ ಅನ್ನುವುದು ನನ್ನ ಅನುಮಾನ. ಅದು ವ್ಯವಸ್ಥೆಯ, ಅಂದರೆ ಮಿಂಟ್‌ನ, ಪ್ರತಿ ತೆಗೆದು ಅದೇ 30 ಜಿಬಿಯೊಳಗೇ ಇಡುತ್ತಿದೆ. ಸುಡೊ (sudo, ರೂಟ್‌ನ ಅಧಿಕಾರದಲ್ಲಿ ಮಾಡು ಅಂತ ಅರ್ಥ), ಸ್ಪೇಸ್, ಟೈಮ್‌ಶಿಫ್ಟ್, ಸ್ಪೇಸ್, ಎರಡು ಹೈಫನ್, ಅದಕ್ಕೇ ಅಂಟಿಸಿ ಡಿಲೀಟ್ ಅಂತ ಕೊಡಿ. ಪಟ್ಟಿ ಬರುತ್ತದೆ. ಹಳೆಯದರ ನಂಬರ್ ಕೊಟ್ಟು ಒಂದೊಂದಾಗಿ ಅಳಿಸಿ, ಹೊಸದೊಂದನ್ನು ಉಳಿಸಿಕೊಳ್ಳಿ. ಆಮೇಲೆ ಸುಡೊ ಎಪಿಟಿ ಕ್ಲೀನ್ ಕೊಡಿ. ಅಪ್‌ಡೇಟ್‌ಗೆ ಅಂತ ಇಳಿಸಿಟ್ಟ ಪ್ಯಾಕೇಜ್‌ಗಳು ಹೋಗುತ್ತವೆ, ಹಾಕಿಕೊಂಡ ಪ್ರೋಗ್ರಾಮ್‌ಗಳಿಗೆ ತೊಂದರೆ ಇಲ್ಲ. ಮತ್ತೆ ಡಿಎಫ್ ನೋಡಿ. ನಾಲ್ಕೈದು ಜಿಬಿ ಬಿಡುವಾಗಿದ್ದರೆ ಸುಡೊ ರೀಬೂಟ್ ಕೊಡಿ, ಡೆಸ್ಕ್‌ಟಾಪ್ ಬರಬೇಕು.

ಬಂದ ತಕ್ಷಣ ಟೈಮ್‌ಶಿಫ್ಟ್ ತೆರೆದು ದಿನಕ್ಕೊಂದು ಅನ್ನುವುದನ್ನು ವಾರಕ್ಕೊಂದು ಮಾಡಿ, ಎರಡೇ ಪ್ರತಿ ಸಾಕು. ಇನ್ನೊಂದು ಮಾತು, ಇದನ್ನು ಮಗನಿಗೂ ತೋರಿಸಿ. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು. ನಿಮ್ಮ ಹೋಮ್ ಫೋಲ್ಡರ್‌ನ ಫೈಲ್‌ಗಳನ್ನು ಅದು ತಾನಾಗಿ ಸೇರಿಸಿಕೊಳ್ಳುವುದೇ ಇಲ್ಲ. ಕರಾರು, ಅಫಿಡವಿಟ್‌ಗಳನ್ನು ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಪ್ರಶ್ನೆ: ಕಾಲೇಜಿನ ಹಳೇ ಕಂಪ್ಯೂಟರ್‌ನಲ್ಲಿ ಝುಬುಂಟು 18.04 ಇದೆ. ಇದೇ ಥರ ಲಾಗಿನ್‌ಗೇ ವಾಪಸ್ ಬರುತ್ತದೆ, ಆದರೆ ಅರ್ಧ ಡಿಸ್ಕ್ ಖಾಲಿ. ಹಿಂದಿನ ದಿನ ಸುಡೊ ಹಾಕಿ ಸ್ಟಾರ್ಟ್‌ಎಕ್ಸ್ (ಡೆಸ್ಕ್‌ಟಾಪ್ ಶುರು ಮಾಡುವ ಆದೇಶ) ಕೊಟ್ಟಿದ್ದೆ. (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಆ ಸುಡೊ ಸ್ಟಾರ್ಟ್‌ಎಕ್ಸೇ ಕಾರಣ ಮಾರಾಯ. ಮೇಲೆ ಹೇಳಿದ ಹಾಗೆ ಕಪ್ಪು ಪರದೆಗೆ ಹೋಗಿ ಒಳಗೆ ಬಾ. ನಿನ್ನ ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಎಕ್ಸ್‌ಅಥಾರಿಟಿ (.Xauthority) ಅಂತ ಅಡಗಿದ ಫೈಲೊಂದಿದೆ. ಎಲ್‌ಎಸ್ ಮುಂದೆ ಹೈಫನ್ ಎಲ್‌ಎ ಹಾಕಿ ನೋಡು. ಅದರ ಒಡೆಯನ ಜಾಗದಲ್ಲಿ ನಿನ್ನ ಹೆಸರಿನ ಬದಲು ರೂಟ್ ಅಂತ ಇರುತ್ತದೆ. ಝುಬುಂಟುವಿಗೆ ಮೂಲವಾದ ಉಬುಂಟುವಿನಲ್ಲಿ 18.04ರ ಕಾಲಕ್ಕೆ ಸುಡೊ ಕೊಟ್ಟರೂ ನಿನ್ನ ಹೋಮ್‌ನಲ್ಲೇ ರೂಟ್ ಬಂದು ಬರೆಯುತ್ತಿತ್ತು. 19.10 ಆವೃತ್ತಿಯಲ್ಲಿ ಇದನ್ನು ಬದಲಾಯಿಸಿದರು. ಸುಡೊ ಆರ್‌ಎಂ ಕೊಟ್ಟು ಆ ಒಂದು ಫೈಲ್ ತೆಗೆ, ಲಾಗಿನ್ ಆದಾಗ ಹೊಸದು ತಾನೇ ಹುಟ್ಟುತ್ತದೆ. ಎಕ್ಸ್ ಮಾತ್ರ ದೊಡ್ಡಕ್ಷರ. ಚುಕ್ಕಿಗೂ ಎಕ್ಸ್‌ಗೂ ನಡುವೆ ಸ್ಪೇಸ್ ಬಿಡಬೇಡ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಲಾಗಿನ್ ಪರದೆಗೆ ಹೋಗು.